ಬೆಟ್ಟಕ್ಕೆ ಸಿಹಿ ಸೇಬು ತಂದ ಸ್ಟೋಕ್ಸ್

ಮಕ್ಕಳೇ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ನಿಮಗೆ ಕಬ್ಬು, ದ್ರಾಕ್ಷಿ, ದಾಳಿಂಬೆ ಹೊಸದಲ್ಲ. ಆದರೆ ಸಂತೆಗೆ ಬರುವ ಕೆಂಪು ಸೇಬು? ಅದು ಹೆಚ್ಚಾಗಿ ಕಾಶ್ಮೀರ, ಹಿಮಾಚಲ ಪ್ರದೇಶಗಳಿಂದ ಬರುತ್ತದೆ. ಹಿಮಾಚಲದಲ್ಲಿ ಸಿಹಿ ಸೇಬು ನೆಟ್ಟವರ ಕಥೆ ಇದು.

ಸ್ಯಾಮ್ಯುಯೆಲ್ ಇವಾನ್ಸ್ ಸ್ಟೋಕ್ಸ್ 1882ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಸಿರಿವಂತರ ಮನೆಯಲ್ಲಿ ಜನಿಸಿದರು. 1904ರಲ್ಲಿ ಕುಷ್ಠರೋಗಿಗಳ ಸೇವೆಗೆಂದು ಭಾರತಕ್ಕೆ ಬಂದರು. ಶಿಮ್ಲಾದ ಆಚೆಗಿನ ಕೋಟಗಢದಲ್ಲಿ ನೆಲೆಸಿ ಬೇಸಾಯ ಆರಂಭಿಸಿದರು.

ಆಗ ಕುಲ್ಲು ಕಣಿವೆಯಲ್ಲಿ ಆಂಗ್ಲರು ನೆಟ್ಟ ಸೇಬುಗಳಿದ್ದವು. ಅವು ಹುಳಿ, ನಮ್ಮ ಜನರ ನಾಲಿಗೆಗೆ ಹಿಡಿಸಲಿಲ್ಲ. ಸ್ಟೋಕ್ಸ್ 1916ರಲ್ಲಿ ಅಮೆರಿಕದಿಂದ 'ರೆಡ್ ಡೆಲಿಶಿಯಸ್' ಗಿಡ ತರಿಸಿ ನೆಟ್ಟರು. ಕಡುಗೆಂಪು ಸಿಪ್ಪೆ, ಉದ್ದನೆಯ ಆಕಾರ, ಬುಡದಲ್ಲಿ ಐದು ಉಬ್ಬು, ಸಿಹಿಯಾದ ತಿರುಳು ಇದರ ಗುರುತು.

ಈ ತಳಿಯ ಬೀಜ ಬಿತ್ತಿದರೆ ಅದೇ ಹಣ್ಣು ಸಿಗದು. ಆದ್ದರಿಂದ ಕಸಿ ಕಟ್ಟಬೇಕು. ಅದರ ಹೂವು ಕಾಯಿ ಕಟ್ಟಲು ಬೇರೆ ತಳಿಯ ಪರಾಗವೂ ಬೇಕು. ಅದನ್ನು ಜೇನುನೊಣಗಳು ತಂದುಕೊಡುತ್ತವೆ.

ಫಲ ಬರಲು ಕೆಲವು ವರ್ಷ ಕಾಯಬೇಕಿತ್ತು. ಅಷ್ಟು ಕಾಲ ಅನ್ನ ಕೊಡುವ ಹೊಲವನ್ನು ಗಿಡಕ್ಕೆ ಬಿಡಲು ಬಡ ರೈತರು ಹಿಂಜರಿದರು. ಸ್ಟೋಕ್ಸ್ ಸಸಿ ಹಂಚಿದರು, ಕೆಲಸ ಕಲಿಸಿದರು. ಅವರ ತೋಟ ಫಲ ಕೊಟ್ಟಾಗ ರೈತರಿಗೆ ನಂಬಿಕೆ ಬಂತು.

ಬೆಟ್ಟದ ಜನರನ್ನು ಬಿಟ್ಟಿ ದುಡಿಸುವ ಪದ್ಧತಿಯ ವಿರುದ್ಧವೂ ಅವರು ಹೋರಾಡಿದರು. 1921ರಲ್ಲಿ ಸ್ವಾತಂತ್ರ್ಯ ಚಳವಳಿಯಲ್ಲಿ ಬಂಧಿತರಾಗಿ ಸೆರೆಮನೆ ಸೇರಿದರು. ಎಳೆಯ ವಯಸ್ಸಿನಲ್ಲೇ ತೀರಿಕೊಂಡ ಮಗ ತಾರಾನ ನೆನಪಿಗೆ ಊರ ಮಕ್ಕಳಿಗಾಗಿ ಶಾಲೆ ತೆರೆದರು. 1932ರಲ್ಲಿ ಹಿಂದೂ ಧರ್ಮ ಸ್ವೀಕರಿಸಿ ಸತ್ಯಾನಂದ ಎಂದು ಹೆಸರಿಟ್ಟುಕೊಂಡರು. ಸ್ವಾತಂತ್ರ್ಯ ಬರುವ ಒಂದು ವರ್ಷ ಮೊದಲು, 1946ರಲ್ಲಿ ನಿಧನರಾದರು. ಅವರು ನೆಟ್ಟ ಬೆಳೆ ಇಂದು ಹಿಮಾಚಲದ ಸಾವಿರಾರು ಕುಟುಂಬಗಳಿಗೆ ಆಸರೆ.

ರೆಡ್ ಡೆಲಿಶಿಯಸ್ ನಮ್ಮಲ್ಲೇಕೆ ಬೆಳೆಯದು? ಚಳಿಗಾಲದಲ್ಲಿ ಅದರ ಮೊಗ್ಗು ನಿದ್ರಿಸುತ್ತದೆ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆ ಸಾವಿರದಷ್ಟು ಗಂಟೆ ಸಿಕ್ಕರೆ ಮಾತ್ರ ಚೆನ್ನಾಗಿ ಎಚ್ಚರಗೊಳ್ಳುತ್ತದೆ. ಅಷ್ಟು ಚಳಿ ನಮ್ಮಲ್ಲಿಲ್ಲ. ಆದರೆ ಕಡಿಮೆ ಚಳಿ ಸಾಕಾಗುವ ತಳಿಗಳೂ ಇವೆ. ಮುಧೋಳ ತಾಲ್ಲೂಕಿನ ಕುಳಲಿಯಲ್ಲಿ ರೈತರೊಬ್ಬರು ಸೇಬು ಬೆಳೆದದ್ದು 2025ರಲ್ಲಿ ದೇಶದ ಗಮನ ಸೆಳೆಯಿತು.

ಮಾಡಿ ನೋಡಿ: ಸೇಬನ್ನು ಅಡ್ಡಲಾಗಿ ಕತ್ತರಿಸಿ. ನಡುವೆ ಕಾಣುವ ನಕ್ಷತ್ರಕ್ಕೆ ಎಷ್ಟು ಮೂಲೆ? ಎಣಿಸಿ, ಚಿತ್ರ ಬರೆಯಿರಿ.