ಅಂಚೆಯಲ್ಲಿ ಅಂಗಸಾಧನೆ ಕಲಿಸಿದ ಕೆ.ವಿ. ಅಯ್ಯರ್

ಗರಡಿಯ ವಿದ್ಯೆಯನ್ನು ಗುರುವಿನ ಕಣ್ಣೆದುರಿನಲ್ಲೇ ಕಲಿಯಬೇಕೆಂಬುದು ನಮ್ಮ ಹಿರಿಯರ ನಂಬಿಕೆ. ಕಾಸರಗೋಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಳರಿಯಲ್ಲಿ ಮೊದಲು ಮೈಯನ್ನು ಪಳಗಿಸುವ ಮೈತ್ತಾರಿ, ಅದಾದ ಮೇಲೆ ಕೋಲು ಹಿಡಿಯುವ ಕೋಲ್ತಾರಿ, ಆಮೇಲೆ ಕತ್ತಿ ಗುರಾಣಿಗಳ ಅಂಕತ್ತಾರಿ, ಕೊನೆಗೆ ಬರಿಗೈಯ ವರಸೆ. ಒಂದು ಮೆಟ್ಟಿಲು ಗಟ್ಟಿಯಾಗದೆ ಮುಂದಿನದಕ್ಕೆ ಕಾಲಿಡುವಂತಿಲ್ಲ. ಈ ಕ್ರಮವನ್ನೆಲ್ಲ ನೋಡಿಕೊಳ್ಳುವವರು ಗುರುಗಳು. ಹೀಗಿರುವಾಗ ಕಾಗದ ಬರೆದು ದೇಹಸಾಧನೆ ಕಲಿಸುವೆನೆಂದು ಹೊರಟ ಕನ್ನಡಿಗರೊಬ್ಬರು ಬೆಂಗಳೂರಿನಲ್ಲಿದ್ದರು. ಅವರೇ ದಿವಂಗತ ಕೆ.ವಿ. ಅಯ್ಯರ್.

ಕೋಲಾರದ ವೆಂಕಟೇಶ ಅಯ್ಯರ್ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ, ಕೋಲಾರ ಜಿಲ್ಲೆಯ ದೇವರಾಯಸಮುದ್ರದಲ್ಲಿ. ಯುರೋಪಿನ ಹೆಸರಾಂತ ದೇಹದಾರ್ಢ್ಯಪಟು ಯೂಜೀನ್ ಸ್ಯಾಂಡೋ 1904-05ರಲ್ಲಿ ಭಾರತದಲ್ಲಿ ಪ್ರವಾಸ ಮಾಡಿ ಹೋದ ಮೇಲೆ ನಮ್ಮ ತರುಣರಲ್ಲಿ ಡಂಬೆಲ್ಲಿನ ಹುಚ್ಚು ಹಬ್ಬಿತ್ತು. ಇತ್ತ ನಮ್ಮದೇ ಗರಡಿಗಳ ದಂಡ, ಬಸ್ಕಿ, ಗದೆಗಳಿದ್ದವು, ಯೋಗಾಸನಗಳಿದ್ದವು. ಅಯ್ಯರ್ ಅವರು ಇವುಗಳಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಹಳಿಯಲಿಲ್ಲ. ಹಠಯೋಗವನ್ನೂ ಸೂರ್ಯನಮಸ್ಕಾರವನ್ನೂ ಡಂಬೆಲ್ ಸಾಧನೆಯನ್ನೂ ಒಂದು ಪದ್ಧತಿಯಾಗಿ ಹೊಂದಿಸಿದರು. ಯೋಗಾಚಾರ್ಯ ಸುಂದರಂ ಈ ಕೆಲಸದಲ್ಲಿ ಅವರ ಒಡನಾಡಿಯಾಗಿದ್ದರು.

ಅವರ ಹರ್ಕ್ಯುಲಿಸ್ ಜಿಮ್ನಾಷಿಯಂ 1920ರ ದಶಕದಲ್ಲಿ ಬೆಂಗಳೂರಿನಲ್ಲಿ ಬೆಳೆಯಿತು, ಮುಂದೆ ಜೆ.ಸಿ. ರಸ್ತೆಯಲ್ಲಿ ನೆಲೆಗೊಂಡಿತು. ಅದರೊಡನೆಯೇ ಅಂಚೆಯ ಮೂಲಕ ವ್ಯಾಯಾಮ ಕಲಿಸುವ ಶಾಲೆಯೂ ನಡೆಯಿತು. 1930ರಲ್ಲಿ 'ಮಸಲ್ ಕಲ್ಟ್', 1936ರಲ್ಲಿ 'ಪರ್ಫೆಕ್ಟ್ ಫಿಸಿಕ್', 1937ರಲ್ಲಿ 'ಸೂರ್ಯ ನಮಸ್ಕಾರ' ಎಂಬ ಇಂಗ್ಲಿಷ್ ಪುಸ್ತಕಗಳು ಹೊರಬಂದವು. ಗ್ರೀಕ್ ಶಿಲ್ಪಗಳ ನಿಲುವಿನಲ್ಲಿ ತೆಗೆಸಿಕೊಂಡ ಅವರ ಭಾವಚಿತ್ರಗಳನ್ನು ನೋಡಿದರೆ, ಬರಿಯ ಗಾತ್ರಕ್ಕಿಂತ ಅಂಗಾಂಗಗಳ ಹೊಂದಾಣಿಕೆಯೇ ಅವರಿಗೆ ಮುಖ್ಯವಾಗಿತ್ತೆಂಬುದು ತಿಳಿಯುತ್ತದೆ.

ಇರಲಿ, ಕಾಗದ ಓದಿ ಮೈಗೆ ವಿದ್ಯೆ ಬರುವುದುಂಟೆ? ಇಂದಿನ ಕ್ರೀಡಾಶಾಸ್ತ್ರ ಇದಕ್ಕೆ ಒಂದು ಉತ್ತರ ಕೊಡುತ್ತದೆ. ಆಟದ ಕೌಶಲಗಳಲ್ಲಿ ಎರಡು ಬಗೆಯೆಂದು ಆ ಶಾಸ್ತ್ರ ವಿಂಗಡಿಸುತ್ತದೆ. ಸುತ್ತಲಿನ ಸ್ಥಿತಿ ಬದಲಾಗದೆ, ಆಟಗಾರ ತನ್ನ ಹದಕ್ಕೆ ತಾನೇ ಮಾಡುವಂಥದು ಒಂದು. ವಾಲಿಬಾಲಿನ ಸರ್ವೀಸು, ಗುಂಡೆಸೆತ, ಭಾರ ಎತ್ತುವುದು ಈ ಬಗೆಯವು. ಎದುರಾಳಿಯ ನಡೆ ನೋಡಿ ಕ್ಷಣಕ್ಷಣಕ್ಕೂ ಬದಲಿಸಬೇಕಾದದ್ದು ಇನ್ನೊಂದು. ಕಬಡ್ಡಿಯ ದಾಳಿ, ಕುಸ್ತಿಯ ಪಟ್ಟು ಈ ಸಾಲಿಗೆ ಸೇರುತ್ತವೆ. ಮೊದಲನೆಯದನ್ನು ಭಾಗಭಾಗವಾಗಿ ಬಿಡಿಸಿ, ಬರೆದು, ಚಿತ್ರ ಹಾಕಿ ತೋರಿಸಬಹುದು. ಎರಡನೆಯದಕ್ಕೆ ಎದುರಿಗೆ ಒಬ್ಬ ಜೊತೆಗಾರ ಬೇಕೇ ಬೇಕು. ಅಯ್ಯರ್ ಅವರು ಅಂಚೆಗೆ ಹಾಕಿದ್ದು ಮೊದಲನೆಯ ಬಗೆಯ ವಿದ್ಯೆಯನ್ನು. ಕುಸ್ತಿಯನ್ನು ಹಾಗೆ ಕಳುಹಿಸಲು ಬರುತ್ತಿರಲಿಲ್ಲ.

ಸೂರ್ಯನಮಸ್ಕಾರವನ್ನೇ ನೋಡಿ. ಕೈ ಮುಗಿದು ನಿಲ್ಲುವುದು, ಬಾಗುವುದು, ಕಾಲು ಹಿಂದಕ್ಕೆ ಚಾಚುವುದು, ಎದೆಯೆತ್ತುವುದು, ಮತ್ತೆ ಮೊದಲಿನ ನಿಲುವಿಗೆ ಬರುವುದು - ಒಂದೊಂದಕ್ಕೂ ಉಸಿರಿನ ಲೆಕ್ಕವಿದೆ. ಕಲಿಯುವವನು ಮೊದಲ ದಿನಗಳಲ್ಲಿ ಪ್ರತಿ ಹೆಜ್ಜೆಯನ್ನೂ ಯೋಚಿಸಿ ಮಾಡುತ್ತಾನೆ, ತಪ್ಪುತ್ತಾನೆ. ಅಭ್ಯಾಸ ಸಾಗಿದಂತೆ ಬಿಡಿ ಹೆಜ್ಜೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ತಪ್ಪು ಕಡಿಮೆಯಾಗುತ್ತದೆ. ಕೊನೆಗೆ ಮೈ ತಾನೇ ನಡೆಯುತ್ತದೆ, ಮನಸ್ಸು ಉಸಿರಿನ ಮೇಲೆ ನಿಲ್ಲುತ್ತದೆ. ಕಲಿಕೆಯ ಈ ಮೂರು ಹಂತಗಳನ್ನು ಅಮೆರಿಕದ ಮನೋವಿಜ್ಞಾನಿಗಳಾದ ಫಿಟ್ಸ್ ಮತ್ತು ಪೋಸ್ನರ್ ಗ್ರಂಥಸ್ಥಗೊಳಿಸಿದ್ದು 1967ರಲ್ಲಿ. ಅಯ್ಯರ್ ಅವರ ಪುಸ್ತಕ ಅದಕ್ಕಿಂತ ಮೂವತ್ತು ವರ್ಷ ಹಿಂದಿನದು.

ಆದರೆ ಅಂಚೆಯ ಪಾಠಕ್ಕೆ ಒಂದು ಮಿತಿಯುಂಟು. ಬೆನ್ನು ಬಾಗಿದ್ದರೆ ತಟ್ಟಿ ನೆಟ್ಟಗೆ ಮಾಡುವ ಕೈ ಅಲ್ಲಿಲ್ಲ. ತಪ್ಪಾದ ಅಭ್ಯಾಸ ಸಾವಿರ ಸಲ ಮಾಡಿದರೆ ತಪ್ಪೇ ಗಟ್ಟಿಯಾಗುತ್ತದೆ. ಆದ್ದರಿಂದ ದೂರದಲ್ಲಿದ್ದು ಕಲಿಯುವವನು ತನಗೆ ತಾನೇ ಅರ್ಧ ಗುರುವಾಗಬೇಕು. ಕನ್ನಡಿಯ ಮುಂದೆ ನಿಂತು ತನ್ನ ನಿಲುವನ್ನು ತಾನೇ ಪರೀಕ್ಷಿಸಬೇಕು. ಹೀಗೆ ತನ್ನನ್ನು ತಾನು ನೋಡಿಕೊಳ್ಳುವ ಶಿಸ್ತನ್ನು ಕಲಿಸುವುದೇ ಅಂಚೆ ಪಾಠದ ದೊಡ್ಡ ಲಾಭ.

ಅಯ್ಯರ್ ಅವರನ್ನು ಬರಿಯ ಪೈಲ್ವಾನರೆಂದುಕೊಂಡವರು ಅವರ ಕಾದಂಬರಿಗಳನ್ನು ಓದಬೇಕು. ಹೊಯ್ಸಳ ವಿಷ್ಣುವರ್ಧನನ ರಾಣಿಯ ಕಥೆಯಾದ 'ಶಾಂತಲಾ', ಇಟಲಿಯ ಕಲಾವಿದನ ಸುತ್ತ ಹೆಣೆದ 'ರೂಪದರ್ಶಿ' ಕನ್ನಡಿಗರ ಮನೆಮಾತಾದ ಕೃತಿಗಳು. ಒಂದರ ನಾಯಕಿ ನಾಟ್ಯವಿಶಾರದೆ, ಇನ್ನೊಂದರ ವಸ್ತು ಮನುಷ್ಯನ ಮುಖದ ರೂಪ. ದೇಹವನ್ನು ಅಷ್ಟು ಹತ್ತಿರದಿಂದ ಕಂಡವರಿಗೇ ಒಲಿಯುವ ವಸ್ತುಗಳಿವು. ನಾಟಕಕಾರ ಟಿ.ಪಿ. ಕೈಲಾಸಂ ಅವರ ಆಪ್ತ ಗೆಳೆಯರಾಗಿದ್ದರು. ಕೈಲಾಸಂ 1946ರಲ್ಲಿ ತೀರಿಕೊಂಡ ಮೇಲೆ ಅಯ್ಯರ್ ಅವರು ಬರೆದ ನೆನಪುಗಳು ಆ ಸ್ನೇಹಕ್ಕೆ ಸಾಕ್ಷಿಯಾಗಿವೆ. ಅಯ್ಯರ್ ಅವರು 1980ರಲ್ಲಿ ನಿಧನರಾದರು.

ಇಂದು ಅವರನ್ನು ನೆನೆಯಲು ಒಂದು ಕಾರಣವುಂಟು. ಹೊಸೂರಿನಿಂದ ರಾಯಕೋಟೆಗೆ ಹೋಗುವ ದಾರಿಯಲ್ಲಿ ಆನೆಗಳು ಓಡಾಡುವ ಕಾಡಿನಂಚಿಗೆ ಸಾನಮಾವು ಇದೆ. ಅಯ್ಯರ್ ಅವರ ಕೋಲಾರ ಸೀಮೆ ಅಲ್ಲಿಗೆ ದೂರವಲ್ಲ. ಹೊಸೂರಿನಿಂದ ಬಾಗಲೂರಿನ ಮೇಲೆ ಹೋದರೆ ಮಾಲೂರು. ಸಾನಮಾವಿನಂಥ ಊರಿನ ಹುಡುಗನಿಗೆ ಜಿಮ್ನಾಷಿಯಂ ಎಟುಕದು. ಗಡಿಯಾಚೆಯ ಕನ್ನಡ ಮಕ್ಕಳಿಗೆ, ಅವರು ಹೊಸೂರಿನವರಾಗಲಿ ಕಾಸರಗೋಡಿನವರಾಗಲಿ, ತಮ್ಮ ಭಾಷೆಯಲ್ಲಿ ಆಟದ ಪಾಠ ಹೇಳುವವರು ಸಿಗುವುದು ಸುಲಭವಲ್ಲ. ಆಟದ ಪೀರಿಯಡ್ಡನ್ನು ಗಣಿತಕ್ಕೆ ಕೊಟ್ಟುಬಿಡುವ ಪರಿಪಾಠ ಬೇರೆ. ಅಂಥವರಿಗೆ ಅಯ್ಯರ್ ಅವರ ಬದುಕು ಹೇಳುವುದಿಷ್ಟು: ಆರಡಿ ಜಾಗ, ಕ್ರಮವಾಗಿ ಬಿಡಿಸಿ ಬರೆದ ಪಾಠ, ತಪ್ಪನ್ನು ತಾನೇ ಹುಡುಕುವ ಕಣ್ಣು, ದಿನ ತಪ್ಪದ ಅಭ್ಯಾಸ. ಇವಿದ್ದರೆ ಆರಂಭಕ್ಕೆ ಸಾಕು. ಆ ಪಾಠವನ್ನು ಕನ್ನಡದಲ್ಲಿ ಬರೆದು ಕೊಡುವ ಹೊಣೆ ಮಾತ್ರ ಉಪಾಧ್ಯಾಯರಾದ ನಮ್ಮದು.