ರಾಮಾನುಜನ್ ಮತ್ತು ನಾಮಗಿರಿ ತಾಯಿ

ಒಂದು ಬ್ಯಾಕ್ ಬಂದ್ರೆ ಸಾಕು, ನಮಗೆ ದೇವರ ಮೇಲೇ ಸಿಟ್ಟು ಬರುತ್ತೆ. ಶ್ರೀನಿವಾಸ ರಾಮಾನುಜನ್ ಗಣಿತದಲ್ಲೇ ಮುಳುಗಿ, ಕುಂಭಕೋಣದ ಕಾಲೇಜಿನಲ್ಲಿ ಬೇರೆ ವಿಷಯಗಳಲ್ಲಿ ಫೇಲಾಗಿ ಸ್ಕಾಲರ್‌ಶಿಪ್ ಕಳೆದುಕೊಂಡರು. ಆದ್ರೂ ಮನೆದೇವರು, ನಾಮಕ್ಕಲ್‌ನ ನಾಮಗಿರಿ ತಾಯಿ ಮೇಲಿನ ನಂಬಿಕೆ ಹೋಗಲಿಲ್ಲ. ಸ್ಲೇಟಿನ ಮೇಲೆ ಲೆಕ್ಕ ಮಾಡೋದೂ ನಿಲ್ಲಲಿಲ್ಲ.

1912ರಲ್ಲಿ ಮದ್ರಾಸ್ ಬಂದರಿನಲ್ಲಿ ಗುಮಾಸ್ತರಾದರು, ತಿಂಗಳಿಗೆ 30 ರೂಪಾಯಿ ಸಂಬಳ. ಗಣಿತಜ್ಞ ಹಾರ್ಡಿಗೆ ಬರೆದ ಪತ್ರದಿಂದ 1914ರಲ್ಲಿ ಕೇಂಬ್ರಿಡ್ಜ್ ಸೇರಿದರು. ಅಲ್ಲಿ ಚಳಿ, ಯುದ್ಧ, ಸಸ್ಯಾಹಾರಕ್ಕೆ ಪರದಾಟ; ಆರೋಗ್ಯ ಪೂರ್ತಿ ಕೆಟ್ಟಿತು. 1918ರಲ್ಲಿ ರಾಯಲ್ ಸೊಸೈಟಿ ಫೆಲೋ ಆದರು, 1919ರಲ್ಲಿ ಊರಿಗೆ ಮರಳಿದರು. ಹಾಸಿಗೆ ಹಿಡಿದಾಗಲೂ ಮಾಕ್ ಥೀಟಾ ಫಂಕ್ಷನ್‌ಗಳನ್ನ ಬರೀತಾನೇ ಇದ್ದರು.

1920ರಲ್ಲಿ ತೀರಿಕೊಂಡಾಗ ಬರೀ 32 ವರ್ಷ. ತಾಯಿ ಆಯಸ್ಸು ಕೊಡಲಿಲ್ಲ ನಿಜ. ಆದ್ರೆ ಸೂತ್ರಗಳೆಲ್ಲ ಅವಳೇ ಕೊಟ್ಟದ್ದು ಅಂತ ನಂಬಿದ್ದ ಅವರು, ಸಿಕ್ಕಿದ್ದನ್ನು ಕೊನೆವರೆಗೂ ಬರೆದಿಟ್ಟರು.