ಪಂಡಿತಾ ರಮಾಬಾಯಿಯವರೂ ಸಹೋದರಿಯರೊಳಗಣ ಭಿನ್ನಾಭಿಪ್ರಾಯವೂ

ರಾಯಚೂರು, ಮಾನ್ವಿ, ದೇವದುರ್ಗ ಸೀಮೆಯ ಸಭೆಗಳಿಗೆ ಸ್ತ್ರೀಯರ ಕೂಟಗಳು ಎಷ್ಟು ಬಲವಾದ ಆಧಾರವಾಗಿವೆಯೆಂಬುದನ್ನು ನಮ್ಮ ವಾಚಕರು ಬಲ್ಲರು. ಪ್ರಾರ್ಥನೆಗೆ ಕೂಡುವುದೂ, ಹಿಡಿ ಧಾನ್ಯವನ್ನು ಎತ್ತಿಡುವುದೂ, ರೋಗಿಗಳ ಮನೆಗೆ ಹೋಗಿ ಬರುವುದೂ ಬಹುಮಟ್ಟಿಗೆ ಇವರಿಂದಲೇ ನಡೆಯುತ್ತವೆ. ಆದರೆ ಕೂಡಿ ಕೆಲಸ ಮಾಡುವಲ್ಲಿ ಭಿನ್ನಾಭಿಪ್ರಾಯವೂ ಹುಟ್ಟುವುದುಂಟು. ಕಾಣಿಕೆಯ ಲೆಕ್ಕ ಯಾರ ಕೈಯಲ್ಲಿರಬೇಕು, ಸುಗ್ಗಿಯ ಹಬ್ಬದಲ್ಲಿ ಮುಂದಾಗಿ ನಿಲ್ಲತಕ್ಕವರು ಯಾರು, ಹಳಬರ ಮಾತು ನಡೆಯಬೇಕೋ ಹೊಸಬರ ಮಾತು ನಡೆಯಬೇಕೋ ಎಂಬಂಥ ಸಂಗತಿಗಳಿಂದ ಒಂದು ಕೂಟವು ಎರಡಾಗಿ, ಒಂದೇ ಗುಡಾರದಲ್ಲಿ ಕುಳಿತವರು ನೀರಿನ ಬಳಿಯಲ್ಲಿ ಮುಖ ತಿರುಗಿಸಿಕೊಂಡು ಹೋಗುವಂತಾಗುತ್ತದೆ. ಇದು ಹೊಸ ಸಂಗತಿಯಲ್ಲ. ಪೌಲನು ಫಿಲಿಪ್ಪಿಯ ಸಭೆಗೆ ಬರೆದ ಪತ್ರಿಕೆಯಲ್ಲಿ ಯುವೊದ್ಯ, ಸಂತುಕೆ ಎಂಬ ಇಬ್ಬರು ಸ್ತ್ರೀಯರ ಹೆಸರನ್ನೆತ್ತಿ, ಅವರು ಒಂದೇ ಮನಸ್ಸುಳ್ಳವರಾಗಬೇಕೆಂದು ಬೇಡಿಕೊಂಡು, ಅವರಿಗೆ ಸಹಾಯ ಮಾಡುವಂತೆ ಮತ್ತೊಬ್ಬನನ್ನು ಕೇಳಿಕೊಂಡದ್ದನ್ನು ನಾವು ಓದುತ್ತೇವೆ.

ಈ ವಿಷಯದಲ್ಲಿ ಬರಿಯ ಉಪದೇಶಕ್ಕಿಂತ ಒಂದು ಜೀವಿತವು ನಮಗೆ ಹೆಚ್ಚು ಕಲಿಸುವುದೆಂದೆಣಿಸಿ, ಪಂಡಿತಾ ರಮಾಬಾಯಿಯವರ ಚರಿತ್ರೆಯನ್ನು ಈ ಸಾರಿ ವಾಚಕರ ಮುಂದಿಡುತ್ತೇವೆ. ಇವರು ಹುಟ್ಟಿದ್ದು ನಮ್ಮ ಕನ್ನಡ ನಾಡಿನಲ್ಲಿ. ಇವರ ಅತಿ ದೊಡ್ಡ ದುಃಖಗಳಲ್ಲೊಂದು ಸಂಭವಿಸಿದ್ದು ರಾಯಚೂರಿನಲ್ಲಿ.

ರಮಾಬಾಯಿಯವರು 1858ನೆಯ ಇಸವಿ ಏಪ್ರಿಲ್ 23ರಂದು ಪಶ್ಚಿಮ ಘಟ್ಟಗಳ ಗಂಗಾಮೂಲವೆಂಬ ಅರಣ್ಯಸ್ಥಳದಲ್ಲಿ ಜನಿಸಿದರು. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ದೊಡ್ಡ ವಿದ್ವಾಂಸರು. ಸ್ತ್ರೀಯರಿಗೆ ಸಂಸ್ಕೃತವನ್ನು ಕಲಿಸಬಾರದೆಂಬ ಪದ್ಧತಿಯಿದ್ದ ಆ ಕಾಲದಲ್ಲಿ ಅವರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರಿಗೆ ಆ ಭಾಷೆಯನ್ನು ಕಲಿಸಿದರು. ಇದಕ್ಕಾಗಿ ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು ಉತ್ತರ ಕೊಡಬೇಕಾಗಿ ಬಂದಾಗ, ಶಾಸ್ತ್ರಗಳ ಆಧಾರದಿಂದಲೇ ತಮ್ಮ ಪಕ್ಷವನ್ನು ಸಮರ್ಥಿಸಿದರು. ತಾಯಿಯು ತಾನು ಕಲಿತದ್ದನ್ನು ಮಗಳಿಗೆ ಕಲಿಸಿದರು. ಹೀಗೆ ಎದುರುಪಕ್ಷದವರ ಮುಂದೆ ಓಡಿಹೋಗದೆ ಕಾರಣಸಹಿತವಾಗಿ ಮಾತಾಡುವ ಗುಣವು ರಮಾಬಾಯಿಯವರಿಗೆ ಮನೆತನದಿಂದಲೇ ಬಂದಿತೆನ್ನಬಹುದು.

ಈ ಕುಟುಂಬವು ಕ್ಷೇತ್ರದಿಂದ ಕ್ಷೇತ್ರಕ್ಕೆ ಪುರಾಣ ಹೇಳುತ್ತಾ ಸಂಚರಿಸುತ್ತಿತ್ತು. 1870ರಿಂದಾಚೆಯ ಕ್ಷಾಮಕಾಲದಲ್ಲಿ ಕೈಯಲ್ಲಿದ್ದದ್ದೆಲ್ಲಾ ತೀರಿಹೋಗಿ ತಂದೆಯು ಹಸಿವಿನಿಂದ ಮರಣ ಹೊಂದಿದರು. ಉಳಿದವರು ಕಾಲ್ನಡಿಗೆಯಿಂದ ರಾಯಚೂರಿಗೆ ಬಂದರು. ಇಲ್ಲಿ ತಾಯಿಯು ಜ್ವರಪೀಡಿತರಾಗಿ ಮಲಗಿ ತೀರಿಕೊಂಡರು. ಮಗಳು ಒಂದು ತುಣುಕು ಸಜ್ಜೆಯ ರೊಟ್ಟಿಗಾಗಿ ನೆರೆಯವರ ಬಾಗಿಲಿಗೆ ಹೋಗಿ, ನಾಚಿಕೆಯಿಂದ ಬಾಯಿ ಬಾರದೆ ನಿಂತದ್ದುಂಟು. ಶವವನ್ನು ಹೊರಲು ಜನರು ಮುಂದೆ ಬರಲಿಲ್ಲ. ಕೊನೆಗೆ ಇಬ್ಬರು ಕನಿಕರಪಟ್ಟು ಹೆಗಲು ಕೊಟ್ಟರು. ಉಳಿದ ಭಾರವನ್ನು ಮಗನೂ ಮಗಳೂ ಹೊರಬೇಕಾಯಿತು. ರಮಾಬಾಯಿಯವರು ಗಿಡ್ಡರಾಗಿದ್ದ ಕಾರಣ ಹೆಗಲಿನ ಎತ್ತರ ಸಾಲದೆ ಚಟ್ಟದ ತುದಿಯನ್ನು ತಲೆಯ ಮೇಲಿಟ್ಟುಕೊಂಡು ನಡೆದರು. ಎಲ್ಲರೂ ಒಂದೇ ಎತ್ತರದವರಲ್ಲದಿದ್ದರೂ ಒಂದೇ ಭಾರವನ್ನು ಹೊರಬಹುದೆಂಬುದನ್ನು ಅವರು ಎಳೆಯ ಪ್ರಾಯದಲ್ಲಿಯೇ ಹೀಗೆ ಕಂಡರು.

ಅಕ್ಕನೂ ಸತ್ತ ಬಳಿಕ ಅಣ್ಣ ಶ್ರೀನಿವಾಸರೊಡನೆ ರಮಾಬಾಯಿಯವರು ದೇಶವನ್ನೆಲ್ಲಾ ಸುತ್ತಿ 1878ರಲ್ಲಿ ಕಲಕತ್ತೆಗೆ ಹೋದರು. ಅಲ್ಲಿಯ ವಿದ್ವಾಂಸರು ಅವರಿಗೆ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರ್ಷ ಅವರು ಬಂಗಾಳದ ಬಿಪಿನ್ ಬಿಹಾರಿ ಮೇಧಾವಿಯವರನ್ನು ವಿವಾಹವಾದರು. 1881ರಲ್ಲಿ ಮನೋರಮೆಯೆಂಬ ಮಗಳು ಹುಟ್ಟಿದಳು. 1882ರಲ್ಲಿ ಪತಿಯು ಕಾಲರಾ ರೋಗದಿಂದ ಮೃತರಾದರು. ವಿಧವೆಯಾದ ರಮಾಬಾಯಿಯವರು ಪುಣೆಗೆ ಬಂದು ಆ ವರ್ಷವೇ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. 1883ರಲ್ಲಿ ವೈದ್ಯವಿದ್ಯೆಯನ್ನು ಕಲಿಯುವ ಅಪೇಕ್ಷೆಯಿಂದ ಇಂಗ್ಲೆಂಡಿಗೆ ಹೋದರು. ಕಿವಿಯು ಮಂದವಾಗಿದ್ದದರಿಂದ ಆ ಅಪೇಕ್ಷೆಯು ನೆರವೇರಲಿಲ್ಲ. ವಾಂಟೇಜ್ ಎಂಬ ಊರಿನಲ್ಲಿ ಆಂಗ್ಲಿಕನ್ ಸಹೋದರಿಯರ ಮಠದಲ್ಲಿದ್ದು, ಆ ಸೆಪ್ಟೆಂಬರ್ 29ರಂದು ಮಗಳೊಡನೆ ದೀಕ್ಷಾಸ್ನಾನವನ್ನು ಹೊಂದಿದರು.

ನಮ್ಮ ವಿಷಯಕ್ಕೆ ಮುಖ್ಯವಾದ ಭಾಗವು ಇಲ್ಲಿಂದ ಆರಂಭವಾಗುತ್ತದೆ. ವಾಂಟೇಜಿನ ಸಿಸ್ಟರ್ ಜೆರಾಲ್ಡೀನ್ ಎಂಬವರು ರಮಾಬಾಯಿಯವರಿಗೆ ಆತ್ಮಿಕ ತಾಯಿಯಂತಿದ್ದರು. ರಮಾಬಾಯಿಯವರು ಮರಾಠಿ ಮಾತಿನಲ್ಲಿ ಅವರನ್ನು ಆಜೀಬಾಯಿ, ಅಂದರೆ ಅಜ್ಜಿ, ಎಂದು ಕರೆಯುತ್ತಿದ್ದರು. ಆದರೂ ಇವರಿಬ್ಬರ ನಡುವೆ ಬಹು ಸಂಗತಿಗಳಲ್ಲಿ ಭೇದವುಂಟಾಯಿತು. ಕೆಲವು ಬಹಳ ಚಿಕ್ಕವು. ಮೊಟ್ಟೆ ಹಾಕಿದ ಸಿಹಿತಿಂಡಿಯನ್ನು ರಮಾಬಾಯಿಯವರು ಮುಟ್ಟದಿದ್ದದ್ದು ಜಾತಿಗರ್ವದ ಉಳಿಕೆಯೆಂದು ಸಿಸ್ಟರರಿಗೆ ತೋರಿತು. ರಮಾಬಾಯಿಯವರಿಗಾದರೋ ಅದು ಹುಟ್ಟಿನಿಂದ ಬಂದ ಊಟದ ಅಭ್ಯಾಸ ಮಾತ್ರವಾಗಿತ್ತು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇ ಯಾಕಿರಬೇಕು, ನಮ್ಮ ಜನರು ಗೌರವಿಸುವ ಸಂಸ್ಕೃತವು ಯಾಕಾಗಬಾರದು ಎಂದು ಅವರು ಕೇಳಿದರು. ಕೆಲವು ಭೇದಗಳು ದೊಡ್ಡವು. ತ್ರಯೈಕ್ಯದ ಉಪದೇಶವನ್ನೂ ಸಭೆಯ ವಿಶ್ವಾಸಪ್ರಮಾಣಗಳನ್ನೂ ತಾವು ವಿಚಾರಿಸಿ ನೋಡದೆ ಒಪ್ಪಲಾರೆವೆಂದರು. ಮಗಳನ್ನು ಬೆಳೆಸುವ ವಿಷಯದಲ್ಲಿ ಕೊನೆಯ ಮಾತು ತಾಯಿಯದೆಂದರು. ಅವರು ಗಂಡಸರಿಗೆ ಪಾಠ ಹೇಳುವುದನ್ನು ಮುಂಬಯಿ, ಲಾಹೋರಿನ ಬಿಷಪ್ಪರು ವಿರೋಧಿಸಿದಾಗ, ಸ್ವದೇಶದಲ್ಲಿ ಪುರುಷರ ಸಭೆಗಳಲ್ಲಿ ಮಾತಾಡಿ ಬಂದ ಅವರಿಗೆ ಆ ನಿಷೇಧವು ಅರ್ಥವಾಗಲಿಲ್ಲ.

ಹೀಗಿರಲಾಗಿ ರಮಾಬಾಯಿಯವರು ಮಾಡಿದ್ದೇನು? ಮೌನವಾಗಿ ತಲೆಬಾಗಿಸಿ ಒಳಗೊಳಗೆ ಕುದಿಯಲಿಲ್ಲ. ಹೊರಗಿನವರ ಮುಂದೆ ಮಠದ ದೂರನ್ನು ಹೇಳುತ್ತಾ ತಿರುಗಲಿಲ್ಲ. ಯಾರೊಡನೆ ಭೇದವಿತ್ತೋ ಅವರಿಗೇ ಪತ್ರ ಬರೆದರು. ಒಂದೊಂದು ಆಕ್ಷೇಪಕ್ಕೂ ಕಾರಣ ಹೇಳಿದರು. ತಮ್ಮ ಪ್ರಶ್ನೆಗಳಿಗೂ ಉತ್ತರ ಕೇಳಿದರು. ಮಂದಗಿವಿಯ ಈ ಸ್ತ್ರೀಯು ಕಾಗದದ ಮೂಲಕ ಸಂಭಾಷಣೆಯನ್ನು ನಡಿಸಿದರು. ಆ ಪತ್ರಗಳೆಲ್ಲವೂ ಮೃದುವಾಗಿದ್ದವೆಂದು ನಾವು ಹೇಳುವದಿಲ್ಲ. ಕೆಲವೆಡೆಗಳಲ್ಲಿ ಅವರ ಮಾತು ಚುಚ್ಚುವಂತಿತ್ತು. ಅದರಿಂದ ಸಿಸ್ಟರರಿಗೆ ನೋವಾಯಿತು. ಸಿಸ್ಟರರೂ ಪ್ರಶ್ನೆ ಕೇಳುವುದನ್ನೇ ಗರ್ವವೆಂದೆಣಿಸಿದ್ದುಂಟು. ಆದರೂ ಪತ್ರಗಳು ನಿಲ್ಲಲಿಲ್ಲ, ಆಜೀಬಾಯಿಯೆಂಬ ಹೆಸರೂ ಅಳಿಯಲಿಲ್ಲ.

ಇಲ್ಲಿ ಮೂರನೆಯವರೊಬ್ಬರ ಸಹಾಯವನ್ನು ಗಮನಿಸಬೇಕು. ಚೆಲ್ಟನ್‌ಹ್ಯಾಮಿನ ಸ್ತ್ರೀಯರ ಕಾಲೇಜಿನ ಮುಖ್ಯಸ್ಥೆಯಾದ ಡೊರೊಥಿಯಾ ಬೀಲರವರ ಬಳಿಯಲ್ಲಿ ರಮಾಬಾಯಿಯವರು 1884ರಿಂದ 1886ರ ವರೆಗೆ ಇದ್ದರು. ಬೀಲರವರು ತಾವೂ ಸಂಶಯದ ಕತ್ತಲೆಯನ್ನು ದಾಟಿ ಬಂದವರಾದದರಿಂದ, ಸಂಶಯವುಳ್ಳವರನ್ನು ಅವಿಶ್ವಾಸಿಗಳೆಂದು ತಳ್ಳಲಿಲ್ಲ. ರಮಾಬಾಯಿಯವರ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರ ಬರೆದರು. ಅವರ ಮನಸ್ಸನ್ನು ಮಠದವರಿಗೂ ಬಿಷಪ್ಪರಿಗೂ ತಿಳಿಯಪಡಿಸಲು ಯತ್ನಿಸಿದರು. ಎರಡು ಪಕ್ಷದವರ ಮಾತನ್ನೂ ಕೇಳುವವರು ಬೇರೆ, ಒಬ್ಬರ ಮಾತನ್ನು ಮತ್ತೊಬ್ಬರಿಗೆ ಮುಟ್ಟಿಸಿ ಬೆಂಕಿ ಹಚ್ಚುವವರು ಬೇರೆ. ಬೀಲರವರು ಮೊದಲನೆಯ ತರದವರು.

1886ರಲ್ಲಿ ರಮಾಬಾಯಿಯವರು ಅಮೇರಿಕಕ್ಕೆ ಹೋಗಿ ನಮ್ಮ ದೇಶದ ವಿಧವೆಯರ ಸಂಕಟವನ್ನು ಊರೂರಿಗೆ ತಿಳಿಸಿದರು. 1887ರಲ್ಲಿ ಬೋಸ್ಟನ್ ಪಟ್ಟಣದಲ್ಲಿ ರಮಾಬಾಯಿ ಸಂಘವು ಹುಟ್ಟಿತು. ಬೇರೆಬೇರೆ ಸಭೆಗಳಿಗೆ ಸೇರಿದವರು ಅದರಲ್ಲಿ ಕೂಡಿದ್ದರು. ಊರೂರಲ್ಲಿ ಅದಕ್ಕೆ ಸಹಾಯಕ ಕೂಟಗಳಾದವು. ಹತ್ತು ವರ್ಷಗಳ ವರೆಗೆ ಹಣಸಹಾಯ ಮಾಡುವುದಾಗಿ ಮಾತು ಕೊಟ್ಟರು. ಈ ಸಹಾಯದಿಂದ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವೆಂಬ ವಿಧವೆಯರ ಶಾಲೆಯು ತೆರೆಯಲ್ಪಟ್ಟಿತು. ಮುಂದಿನ ವರ್ಷ ಅದು ಪುಣೆಗೆ ಬಂದಿತು. ಸದನದಲ್ಲಿ ಯಾರ ಮತವನ್ನೂ ಬದಲಿಸುವ ಬಲವಂತವಿರಬಾರದೆಂಬುದು ಒಪ್ಪಂದ. ಬ್ರಾಹ್ಮಣ ವಿಧವೆಯರ ಊಟದ ಕಟ್ಟುಗಳಿಗೆ ಅಡ್ಡಿಯಾಗದಂತೆ ಪ್ರತ್ಯೇಕ ಏರ್ಪಾಡಿತ್ತು. ರಾನಡೆ, ಭಂಡಾರ್ಕರ್ ಮೊದಲಾದ ಗೌರವಸ್ಥರು ಸಲಹೆಗಾರರಾಗಿದ್ದರು.

ಆದರೆ ಒಪ್ಪಂದದ ಮಾತು ಒಂದೇ ಆಗಿದ್ದರೂ ಅದರ ಅರ್ಥವು ಇಬ್ಬರಿಗೆ ಎರಡಾಗಿತ್ತು. ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಮಗಳೊಡನೆ ಸತ್ಯವೇದವನ್ನೋದಿ ಪ್ರಾರ್ಥಿಸುವಾಗ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ತಾವಾಗಿ ಬಂದು ಕೂರುತ್ತಿದ್ದರು. ಇದು ಸ್ವಾತಂತ್ರ್ಯವೆಂದು ಅವರ ಎಣಿಕೆ. ಇದು ಮರೆಯ ಬೋಧನೆಯೆಂದು ಪುಣೆಯವರ ಎಣಿಕೆ. 1893ರಲ್ಲಿ ಸಲಹೆಗಾರರು ರಾಜೀನಾಮೆ ಕೊಟ್ಟರು. ಇಪ್ಪತ್ತಕ್ಕೂ ಮಿಕ್ಕ ಹುಡುಗಿಯರನ್ನು ಮನೆಯವರು ಬಿಡಿಸಿಕೊಂಡು ಹೋದರು. 1895ರಲ್ಲಿ ಸದನದ ಹನ್ನೆರಡು ಮಂದಿ ದೀಕ್ಷಾಸ್ನಾನ ಹೊಂದಿದಾಗ, ಬಿಟ್ಟುಹೋದವರಿಗೆ ತಮ್ಮ ಸಂಶಯವೇ ನಿಜವೆಂದು ಕಂಡಿತು. ಈ ಬಿರುಕು ಕೂಡಲಿಲ್ಲ. ಮಾತುಕತೆಯು ಎಲ್ಲಾ ಒಡಕನ್ನೂ ಕೂಡಿಸುವುದೆಂದು ನಾವು ಹೇಳಿದರೆ ಅದು ಸುಳ್ಳಾದೀತು. ಆದರೂ ಒಡಕಿನಿಂದ ಕೆಲಸವು ಕೆಡಲಿಲ್ಲವೆಂಬುದನ್ನು ನೋಡಿರಿ. ಸದನದ ಮೊದಲನೆಯ ವಿಧವೆ ವಿದ್ಯಾರ್ಥಿನಿಯಾದ ಗೋದೂಬಾಯಿಯವರು 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದರು. ಆ ಕರ್ವೆಯವರು 1896ರಲ್ಲಿ ಪುಣೆಯವರ ಮನಸ್ಸಿಗೆ ಒಪ್ಪುವ ರೀತಿಯಲ್ಲಿ ವಿಧವೆಯರಿಗಾಗಿ ಮತ್ತೊಂದು ಆಶ್ರಮವನ್ನು ಸ್ಥಾಪಿಸಿದರು. ಒಂದು ಮನೆಯಲ್ಲಿ ಇರಲಾರದವರು ಎರಡು ಮನೆಗಳಲ್ಲಿ ಅದೇ ಸೇವೆಯನ್ನು ನಡಿಸಿದರು.

1896-97ರ ಕ್ಷಾಮವು ಬಂದಾಗ, ರಾಯಚೂರಿನ ಹಸಿವನ್ನು ಮರೆಯದ ರಮಾಬಾಯಿಯವರು ಸುಮ್ಮನಿರಲಾರದೆ, ಮಧ್ಯಪ್ರಾಂತಕ್ಕೆ ಹೋಗಿ ನೂರಾರು ಮಂದಿ ಅನಾಥೆಯರನ್ನೂ ವಿಧವೆಯರನ್ನೂ ಕರೆತಂದರು. ಪುಣೆಯಿಂದ ರಾಯಚೂರಿಗೆ ಬರುವ ರೈಲುದಾರಿಯ ಮೇಲಿರುವ ಕೇಡಗಾವಿಯಲ್ಲಿ ಮುಕ್ತಿ ಎಂಬ ಆಶ್ರಯವು ಬೆಳೆಯಿತು. ಕೆಲವು ವರ್ಷಗಳಲ್ಲಿಯೇ ಅಲ್ಲಿ ಸಾವಿರಕ್ಕೂ ಹೆಚ್ಚು ಸ್ತ್ರೀಯರೂ ಮಕ್ಕಳೂ ಇದ್ದರು. ಅವರ ಜಾತಿ ಬೇರೆ, ಊರು ಬೇರೆ, ಮಾತು ಬೇರೆ. ಸಹಾಯಕ್ಕೆ ಬಂದ ವಿದೇಶದ ಸ್ತ್ರೀಯರ ಸಭೆಗಳೂ ಬೇರೆಬೇರೆ. ಮುಕ್ತಿಯನ್ನು ಯಾವ ಒಂದು ಸಭೆಯ ಪಂಗಡಕ್ಕೂ ಸೇರಿಸದೆ, ನೇಯ್ಗೆ, ಬೇಸಾಯ, ಎಣ್ಣೆ ತೆಗೆಯುವುದು, ಅಚ್ಚುಕೆಲಸ ಇವುಗಳಲ್ಲಿ ಎಲ್ಲರನ್ನೂ ಕೂಡಿಸಿದರು. 1905ರ ಉಜ್ಜೀವನದ ಕಾಲದಲ್ಲಿ ಪ್ರಾರ್ಥನೆಯ ರೀತಿಯ ವಿಷಯವಾಗಿ ವಾದಗಳೆದ್ದಾಗಲೂ ದಿನದ ಕೆಲಸವು ನಿಲ್ಲಲಿಲ್ಲ. 1912ರಲ್ಲಿ ನಮ್ಮ ನೆರೆಯ ಗುಲ್ಬರ್ಗದಲ್ಲಿ, ಅಂದರೆ ಈಗಿನ ಕಲಬುರಗಿಯಲ್ಲಿ, ಕ್ರೈಸ್ತ ಹೈಸ್ಕೂಲನ್ನು ತೆರೆದರು. ಮನೋರಮಾಬಾಯಿಯವರು ಅದರ ಮುಖ್ಯಸ್ಥೆಯಾಗಿದ್ದರು.

ಸಾಮಾನ್ಯ ಸ್ತ್ರೀಯರಿಗೂ ತಿಳಿಯುವ ಸರಳ ಮರಾಠಿಯಲ್ಲಿ ಸತ್ಯವೇದವನ್ನು ಮೂಲಭಾಷೆಗಳಿಂದ ಭಾಷಾಂತರಿಸುವುದೇ ಅವರ ಕೊನೆಯ ಕೆಲಸವಾಯಿತು. 1921ರಲ್ಲಿ ಮಗಳು ತೀರಿಕೊಂಡಳು. ಆ ದುಃಖದಲ್ಲಿಯೂ ಕೆಲಸವನ್ನು ಮುಗಿಸಿ, 1922ರ ಏಪ್ರಿಲ್ 5ರಂದು ರಮಾಬಾಯಿಯವರು ನಿದ್ರೆಹೋದರು. ಸಿಸ್ಟರ್ ಜೆರಾಲ್ಡೀನರಾದರೋ ಆ ಹಳೆಯ ಪತ್ರಗಳನ್ನು, ತಮ್ಮನ್ನು ಎದುರಿಸಿ ಬರೆದವುಗಳನ್ನು ಸಹ, ಹರಿದುಹಾಕದೆ ಕೂಡಿಸಿಟ್ಟಿದ್ದರು. 1977ರಲ್ಲಿ ಅವು ಪುಸ್ತಕವಾಗಿ ಅಚ್ಚಾದವು.

ಪ್ರಿಯ ಸಹೋದರಿಯರೇ, ಈ ಚರಿತ್ರೆಯಿಂದ ನಾವು ಕಲಿಯತಕ್ಕದ್ದು ಇಷ್ಟು. ಮನಸ್ಸಿನಲ್ಲಿ ಭೇದವಿದ್ದರೆ ಅದನ್ನು ಆ ಸಹೋದರಿಗೇ ಹೇಳಬೇಕು, ನೆರೆಮನೆಯ ಜಗಲಿಯ ಮೇಲಲ್ಲ. ಮನಸ್ಸಾಕ್ಷಿಯ ಸಂಗತಿ ಯಾವುದು, ಅಭ್ಯಾಸದ ಸಂಗತಿ ಯಾವುದು ಎಂದು ಮೊದಲು ಬೇರ್ಪಡಿಸಬೇಕು; ನಮ್ಮ ಜಗಳಗಳಲ್ಲಿ ಹೆಚ್ಚಿನವು ಮೊಟ್ಟೆಯ ಸಿಹಿತಿಂಡಿಯಂಥವುಗಳೇ. ಒಪ್ಪಿಕೊಂಡದ್ದನ್ನು, ವಿಶೇಷವಾಗಿ ಕಾಣಿಕೆಯ ಹಣದ ವಿಷಯವನ್ನು, ಎಲ್ಲರ ಮುಂದೆ ಬರೆದಿಟ್ಟು, ಬರೆದದ್ದರ ಅರ್ಥವನ್ನೂ ಎರಡು ಪಕ್ಷದವರಿಂದ ಹೇಳಿಸಬೇಕು. ಪುಣೆಯಲ್ಲಿ ಇದೇ ಕೊರತೆಯಾಯಿತು. ಇಬ್ಬರಿಂದ ಆಗದಿದ್ದರೆ ಎರಡು ಮಾತನ್ನೂ ಕೇಳುವ ಹಿರಿಯಳೊಬ್ಬಳನ್ನು ನಡುವೆ ಕೂರಿಸಬೇಕು. ಇಷ್ಟಾದರೂ ಒಮ್ಮತವು ಬಾರದೆಹೋದರೆ ರೋಗಿಯ ಮನೆಗೆ ಹೋಗುವುದನ್ನೂ ಬಡವರಿಗೆ ಧಾನ್ಯ ಅಳೆಯುವುದನ್ನೂ ನಿಲ್ಲಿಸಬಾರದು.

ಮಾನ್ವಿಯಲ್ಲಾಗಲಿ ದೇವದುರ್ಗದಲ್ಲಾಗಲಿ ರಾಯಚೂರಿನ ಪೇಟೆಯಲ್ಲಾಗಲಿ, ಮಾತು ಬಿಟ್ಟ ಇಬ್ಬರು ಸಹೋದರಿಯರು ಇದನ್ನು ಓದಿಸಿ ಕೇಳಿದರೆ, ಮುಂದಿನ ಕೂಟದ ದಿನಕ್ಕೆ ಕಾಯದೆ, ಇಬ್ಬರಲ್ಲಿ ಒಬ್ಬಳು ಈ ಸಾಯಂಕಾಲವೇ ಮತ್ತೊಬ್ಬಳ ಬಾಗಿಲಿಗೆ ಹೋಗಲಿ ಎಂದು ನಾವು ಬೇಡಿಕೊಳ್ಳುತ್ತೇವೆ.